ಆಟ ಮೊದಲು, ಸೂಜಿ ಕೊನೆಗೆ: ಪುಟ್ಟ ಮಕ್ಕಳ ಬೆಳವಣಿಗೆ ತಪಾಸಣೆಯಲ್ಲಿ ನನ್ನ ಅನುಭವ

ರೋಗಿಗಳ ಸಾಲು ಬಾಗಿಲಾಚೆಗೂ ನಿಂತಿರುವ ತಾಲ್ಲೂಕು ಊರಿನ ಚಿಕಿತ್ಸಾಲಯದಲ್ಲಿ ಒಂದೂವರೆ ವರ್ಷದ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ನಡೆ, ನುಡಿ ಇಷ್ಟನ್ನೂ ಒಂದೇ ಭೇಟಿಯಲ್ಲಿ ನಂಬಿಕೆಗೆ ಅರ್ಹವಾಗಿ ದಾಖಲಿಸುವುದು ಆಗದ ಮಾತು ಎಂದು ನನ್ನ ಸಹವೈದ್ಯರು ಹೇಳುತ್ತಿದ್ದರು. ಕೆಲವು ವರ್ಷಗಳಿಂದ ಅದು ನಮ್ಮಲ್ಲಿ ನಡೆಯುತ್ತಿದೆ. ಹಾಗೆ ಹೇಳಿದವರಲ್ಲಿ ಇಬ್ಬರು ಈಗ ನನ್ನ ನಮೂನೆಯನ್ನೇ ಬಳಸುತ್ತಿದ್ದಾರೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಳೆಯ ಪದ್ಧತಿ ಕೆಡುತ್ತಿದ್ದುದು ಅದರ ಕ್ರಮದಿಂದ. ಒಳಗೆ ಬಂದ ಕೂಡಲೇ ಬಟ್ಟೆ ಬಿಚ್ಚಿಸಿ ಹಲಗೆಯ ಮೇಲೆ ಮಲಗಿಸಿದರೆ, ಅತ್ತ ಮಗು ಆಮೇಲೆ ಬೆರಳು ಮಾಡಿ ಏನನ್ನೂ ತೋರಿಸದು, ಒಂದು ಮಾತೂ ಆಡದು. ಈಗ ಚಾಪೆಯ ಮೇಲೆ ಸ್ಟೀಲ್ ಲೋಟ, ಚಮಚ, ಒಂದು ಚೆಂಡು ಇಟ್ಟು ಸುಮ್ಮನೆ ಕೂರುತ್ತೇವೆ. ಒಂಬತ್ತು ತಿಂಗಳ ಮಗುವಾದರೆ ನಾಲ್ಕು ಕಾಳು ಮಂಡಕ್ಕಿಯನ್ನು ಹರಡಿ, ಅದನ್ನು ಎರಡು ಬೆರಳಲ್ಲಿ ಹೆಕ್ಕುತ್ತದೆಯೋ ಅಂಗೈಯಿಂದ ಬಾಚುತ್ತದೆಯೋ ನೋಡುತ್ತೇವೆ. ಎರಡು ವರ್ಷದೊಳಗಿನ ಮಕ್ಕಳ ಬೆಳವಣಿಗೆ ಹಿಂದುಳಿದಿದೆಯೇ ಎಂದು ನೋಡಲು ತಿರುವನಂತಪುರದಲ್ಲಿ ರೂಪಿಸಿದ ಹದಿನೇಳು ಅಂಶಗಳ ಪಟ್ಟಿಯ ಹೆಚ್ಚಿನ ಭಾಗ ಅಲ್ಲೇ ಮುಗಿಯುತ್ತದೆ. ತೂಕ ಅದರ ನಂತರ, ಉದ್ದ ಇನ್ನೂ ನಂತರ, ಚುಚ್ಚುಮದ್ದು ಕಟ್ಟಕಡೆಗೆ.

ಹೆಚ್ಚು ಹಣ ನುಂಗಿದ್ದು ಉದ್ದದ ಅಳತೆ. ಸುಮಾರು 900 ರೂಪಾಯಿ ಕೊಟ್ಟು ತಂದ ಸುರುಳಿ ಚಾಪೆಯ ಅಂಚು ಮೇಲೇಳುತ್ತಿತ್ತು, ಒಂದೇ ಮಗುವಿಗೆ ಒಂದೂವರೆ ಸೆಂಟಿಮೀಟರ್ ವ್ಯತ್ಯಾಸ ಬರುತ್ತಿತ್ತು. ಆಮೇಲೆ ಬಡಗಿಯಿಂದ ಎರಡು ಸಾವಿರದೊಳಗೆ ಮಾಡಿಸಿದ ಹಲಗೆ ಮಳೆಗಾಲದಲ್ಲಿ ಉಬ್ಬಿ, ಪಾದದ ತುಂಡು ಸರಿಯದಾಯಿತು. ಅದಕ್ಕೆ ಅಲ್ಯೂಮಿನಿಯಂ ಹಳಿ ಕೂರಿಸಿದ ಮೇಲೆ ತೊಂದರೆ ನೀಗಿತು. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಕ್ಕಳ ಬೆಳವಣಿಗೆ ಮಾನದಂಡಕ್ಕಾಗಿ ದೆಹಲಿಯೂ ಸೇರಿ ಆರು ದೇಶಗಳ ಊರುಗಳಲ್ಲಿ ಮಕ್ಕಳನ್ನು ಅಳೆದವರು ಪಾಲಿಸಿದ ನಿಯಮವನ್ನೇ ನಾವೂ ಹಿಡಿದೆವು: ಇಬ್ಬರು ಒಬ್ಬರದನ್ನೊಬ್ಬರು ನೋಡದೆ ಅಳೆದು ಬರೆಯುತ್ತಾರೆ, 7 ಮಿಲಿಮೀಟರ್ ಮೀರಿ ವ್ಯತ್ಯಾಸವಿದ್ದರೆ ಇಬ್ಬರೂ ಮತ್ತೆ ಅಳೆಯುತ್ತಾರೆ. ಮೊಣಕಾಲು ಒತ್ತುವಾಗ ಮಗು ಅಳದಂತೆ ನಮ್ಮ ಸಹಾಯಕಿ ಮಾಡುವ ಉಪಾಯವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಎರಡು ವರ್ಷ ತುಂಬಿದಾಗ ಮಲಗಿಸುವುದನ್ನು ಬಿಟ್ಟು ನಿಲ್ಲಿಸಿ ಅಳೆಯುವುದರಿಂದ, ಆರು ತಿಂಗಳ ಬೆಳವಣಿಗೆ ಕುಗ್ಗಿದಂತೆ ಕಂಡು ತಾಯಂದಿರು ಗಾಬರಿಯಾಗುತ್ತಾರೆ. ಮಲಗಿಸಿದ್ದಕ್ಕಿಂತ ನಿಲ್ಲಿಸಿದಾಗ ಅಳತೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆಂಬುದು ಆ ಮಾನದಂಡದ ಲೆಕ್ಕ; ಅದು ನಮ್ಮ ಕೈಯಲ್ಲೂ ಹಾಗೆಯೇ ಬರುತ್ತದೆಯೇ ಎಂದು ನಲವತ್ತರಷ್ಟು ಮಕ್ಕಳನ್ನು ಎರಡೂ ರೀತಿಯಲ್ಲಿ ಅಳೆದು ನೋಡಿದೆ. ನೆನಪಿನಂತೆ ಬಹುಪಾಲು ಅರ್ಧ ಮತ್ತು ಒಂದು ಸೆಂಟಿಮೀಟರಿನ ನಡುವೆ ಬಂತು. ಬೆಳಿಗ್ಗೆ ಅಳೆದ ಕೆಲವರನ್ನು ಸಂಜೆಯೂ ನಿಲ್ಲಿಸಿದಾಗ ಎತ್ತರ ತುಸು ಇಳಿದಿತ್ತು. ಹಾಗಾಗಿ ಎರಡನೇ ಹುಟ್ಟುಹಬ್ಬದ ತಪಾಸಣೆಯನ್ನು ಬೆಳಗಿನ ಹೊತ್ತಿಗೇ ಇಟ್ಟು, ಎರಡೂ ಅಂಕಿಗಳನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತೇವೆ.

ಮಾತಿನ ವಿಷಯದಲ್ಲಿ ಪ್ರಶ್ನೆ ಕೇಳುವ ಬಗೆಯೇ ಮುಖ್ಯ. 'ಮಾತಾಡ್ತಾನಾ?' ಎಂದರೆ ಎಲ್ಲರೂ ಹೌದೆನ್ನುತ್ತಾರೆ. 'ನಿನ್ನೆ ಯಾವ ಯಾವ ಮಾತು ಆಡಿದ?' ಎಂದರೆ ನಿಜ ಹೊರಬರುತ್ತದೆ. ಮನೆಯಲ್ಲಿ ಉರ್ದು ಅಥವಾ ಲಂಬಾಣಿ ಆಡುವ ಮಕ್ಕಳಿಗೆ ಕನ್ನಡದ ಶಬ್ದಗಳನ್ನಷ್ಟೇ ಎಣಿಸಿದರೆ ಇಲ್ಲದ ಕೊರತೆ ಹುಟ್ಟುತ್ತದೆ, ಎರಡೂ ನುಡಿಯವನ್ನು ಕೂಡಿಸಬೇಕು. 18 ಮತ್ತು 24 ತಿಂಗಳಲ್ಲಿ, ಆಟಿಸಂನ ಸುಳಿವು ಹುಡುಕುವ ಪರಿಷ್ಕೃತ ಎಂ-ಚಾಟ್‌ನ 20 ಪ್ರಶ್ನೆಗಳನ್ನು ಬಾಯಲ್ಲಿ ಕೇಳುತ್ತೇವೆ. ಕಾಗದ ಕೊಟ್ಟರೆ ಅಪ್ಪಂದಿರು ಎಲ್ಲಕ್ಕೂ ಒಂದೇ ಗುರುತು ಹಾಕಿ ಮರಳಿಸುತ್ತಾರೆ. ಅವಧಿಗೆ ಮೊದಲು ಹುಟ್ಟಿದವರಿಗೆ ತಿದ್ದಿದ ವಯಸ್ಸನ್ನು, ಅಂದರೆ ಹೆರಿಗೆ ಆಗಬೇಕಿದ್ದ ದಿನದಿಂದ ಎಣಿಸಿದ ವಯಸ್ಸನ್ನು, ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡುತ್ತೇವೆ.

24 ತಿಂಗಳಿನಲ್ಲಿ ಕಡ್ಡಾಯವೆನ್ನುವ ಚುಚ್ಚುಮದ್ದು ಇಲ್ಲದ್ದರಿಂದ ಆ ಭೇಟಿಗೆ ಯಾರೂ ಬರುತ್ತಿರಲಿಲ್ಲ. ಉಚಿತವೆಂದು ಬೋರ್ಡು ಹಾಕಿದಾಗ ಹತ್ತರಲ್ಲಿ ಇಬ್ಬರು ಬಂದರೆ ಹೆಚ್ಚು. ಕೊನೆಗೆ ಒಂಬತ್ತನೇ ತಿಂಗಳಲ್ಲೇ ಮೂರು ಭೇಟಿಗೆ ಸೇರಿಸಿ 400 ರೂಪಾಯಿ ಪಡೆಯಲಾರಂಭಿಸಿದೆ; ಹಣ ಕೇಳಿದರೆ ಇರುವವರೂ ಓಡುತ್ತಾರೆಂದು ನಕ್ಕವರಿದ್ದರು. ಕೊಟ್ಟ ಹಣ ಬಿಡಬಾರದೆಂದು ಈಗ ಏಳು ಮಂದಿಯಾದರೂ ಬರುತ್ತಾರೆ. ಕಟ್ಟಲಾಗದವರಿಂದ ಕೇಳುವುದಿಲ್ಲ. ಎರಡನೆಯ ಅಳತೆ ಮಾಡುವ ಹುಡುಗಿಯ ಸಂಬಳ ಈ ಹಣದಿಂದಲೇ ನಡೆಯುತ್ತಿದೆ.