ನೀರಿನ ಕೆಲ್ಸ ಅಂತ ಸೇರಿದ್ದು, ಅರ್ಧ ದಿನ ಕರೆಂಟಿನ ಲೆಕ್ಕ: ಮಂಡ್ಯ ಕಡೆ ಪಂಪ್ ಹೌಸ್‌ಗಳಲ್ಲಿ ನನ್ನ ಅನುಭವ

ನಮ್ ಕೆಲ್ಸದ ಟೈಮ್ ಟೇಬಲ್ಲು ತ್ರೀ ಫೇಸ್ ಕರೆಂಟ್ (ಪಂಪ್ ಮೋಟ್ರು ಓಡೋಕೆ ಬೇಕಾದ ಮೂರು ತಂತಿ ಕರೆಂಟು) ಕೈಲಿರುತ್ತೆ. ನಾನು ಸಿವಿಲ್ ಓದಿ ಮೈಸೂರಲ್ಲಿ ಒಂದು ಚಿಕ್ಕ ಕನ್ಸಲ್ಟೆನ್ಸಿಲಿ ವಾಟರ್ ಅಂಡ್ ಎನರ್ಜಿ ಇಂಜಿನಿಯರ್ ಅಂತ ಇದೀನಿ, ಇನ್ನೂ ಜೂನಿಯರ್ರೇ. ಕೆಲ್ಸ ಏನಂದ್ರೆ ಕುಡಿಯೋ ನೀರಿನ ಪಂಪ್ ಹೌಸ್‌ಗಳಿಗೆ ಹೋಗಿ ಎಷ್ಟು ನೀರು ಎತ್ತುತ್ತಿದಾರೆ, ಅದಕ್ಕೆ ಎಷ್ಟು ಯೂನಿಟ್ ಹೋಗ್ತಿದೆ, ಅದ್ರಲ್ಲಿ ದಂಡ ಎಷ್ಟು ಅಂತ ಅಳೆದು ರಿಪೋರ್ಟ್ ಕೊಡೋದು. ಹೊಸದಾಗಿ ಪಾಸಾದ ಹುಡುಗ್ರು ಈ ಫೀಲ್ಡ್ ಹೆಂಗಣ್ಣ ಅಂತ ಕೇಳ್ತಿರ್ತಾರೆ, ಅದಕ್ಕೆ ಮಾಮೂಲಿ ಒಂದು ದಿನ ಹೆಂಗಿರುತ್ತೆ ಅಂತ ಬರೀತಿದೀನಿ.

ಬೆಳಿಗ್ಗೆ ಎದ್ದು ಮೊದ್ಲು ನೋಡೋದು ಕೆಆರ್‌ಎಸ್ ಲೆವೆಲ್ಲು. ಮಂಡ್ಯದೋರಿಗೆಲ್ಲ ಇದು ಅಭ್ಯಾಸ, 124.80 ಅಡಿ (ಡ್ಯಾಮ್ ಪೂರ್ತಿ ತುಂಬಿದ ಮಟ್ಟ) ಅಂದ್ರೆ ಏನು ಅಂತ ಇಲ್ಲಿ ಯಾರ್ಗೂ ಬಿಡಿಸಿ ಹೇಳ್ಬೇಕಿಲ್ಲ. ನಮ್ಮಪ್ಪ ನಾಲೆಗೆ ನೀರು ಬಿಡ್ತಾರಾ ಅಂತ ನೋಡ್ತಾರೆ, ನಾನು ಹಿನ್ನೀರಿಂದ ನೀರೆತ್ತೋ ಸ್ಕೀಮ್‌ಗೆ ಹೆಡ್ (ಪಂಪು ನೀರೆತ್ತಬೇಕಾದ ಎತ್ತರ, ಪೈಪಿನ ಘರ್ಷಣೆಗೆ ಹೋಗೋದೂ ಸೇರಿ) ಎಷ್ಟು ಜಾಸ್ತಿ ಆಯ್ತು ಅಂತ ನೋಡ್ತೀನಿ. 2023ರಲ್ಲಿ ಮಳೆ ಕೈಕೊಟ್ಟಾಗ ಎಲ್ರೂ ನೀರಿಲ್ಲ ನೀರಿಲ್ಲ ಅಂತಿದ್ರು, ಸರಿನೇ, ಆದ್ರೆ ಇರೋ ನೀರನ್ನ ಎತ್ತೋ ಖರ್ಚೂ ಏರುತ್ತೆ ಅನ್ನೋದು ಯಾರ ಬಾಯಲ್ಲೂ ಬರ್ಲಿಲ್ಲ. ಡ್ಯಾಮು 35 ಅಡಿ ಇಳೀತು ಅಂದ್ರೆ 10 ಮೀಟರ್ ಮೇಲೇನೇ ಜಾಸ್ತಿ ಎತ್ತಬೇಕು, 10 ಲಕ್ಷ ಲೀಟರ್ ನೀರನ್ನ 10 ಮೀಟರ್ ಎತ್ತೋಕೆ ಪಂಪು ಮೋಟ್ರು ಎರಡೂ ಸೇರಿ 70 ಪರ್ಸೆಂಟ್ ಎಫಿಶಿಯೆನ್ಸಿ ಇದ್ರೂ 39 ಯೂನಿಟ್ ಬೇಕು, ದಿನಾ ಎತ್ತೋ ನೀರಿಗೆ ಇದನ್ನ ಗುಣಿಸಿ ನೋಡಿ.

ಸೈಟ್ ಇದ್ದ ದಿನ ಬೆಳಿಗ್ಗೆ ಆಫೀಸ್‌ಗೆ ಹೋಗಲ್ಲ, ಮಂಡ್ಯದಿಂದಾನೇ ಬೈಕಲ್ಲಿ ಹೊರಟುಬಿಡ್ತೀನಿ. ಎಕ್ಸ್‌ಪ್ರೆಸ್‌ವೇಲಿ ಟೂ ವೀಲರ್ ಬಿಡಲ್ವಲ್ಲ, ಸರ್ವೀಸ್ ರೋಡೇ ಗತಿ. ಹೊರಡೋಕ್ ಮುಂಚೆ ಪಂಪ್ ಆಪರೇಟರ್‌ಗೆ ಒಂದು ಫೋನ್, "ಅಣ್ಣ ಇವತ್ತು ತ್ರೀ ಫೇಸ್ ಯಾವಾಗ ಕೊಡ್ತಾರೆ?" ಊರೊಳಗಿನ ಬೋರು ನಿರಂತರ ಜ್ಯೋತಿ (ಊರಿಗೆ ಅಂತ ಬೇರೆ ಎಳೆದಿರೋ) ಲೈನಲ್ಲಿದ್ರೆ ಪರ್ವಾಗಿಲ್ಲ, ಜಮೀನ್ ಕಡೆ ಇರೋ ಬೋರು ಐಪಿ ಸೆಟ್ (ರೈತರ ನೀರಾವರಿ ಪಂಪು) ಫೀಡರ್‌ಗೆ ಸೇರ್ಕೊಂಡಿದ್ರೆ ಕರೆಂಟು ಬ್ಯಾಚಲ್ಲಿ ಬರುತ್ತೆ, ಬೆಳಗಿನ ಜಾವ ಬಂದ್ರೆ ನಾವೂ ಬೆಳಗಿನ ಜಾವ ಅಲ್ಲಿರ್ಬೇಕು. ಮಳವಳ್ಳಿ ಕಡೆ ಹೋದಾಗೆಲ್ಲ ಒಂದು ಯೋಚ್ನೆ ಬರುತ್ತೆ, 1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ಬೀಳೋದ್ರಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳ್ಸಿದ್ರು, ಈಗ ಅದೇ ಕಾವೇರಿನ ಮೇಲೆ ಹತ್ತಿಸೋಕೆ ನಾವು ಕರೆಂಟ್ ಸುಡ್ತಾ ಕೂತಿದೀವಿ.

ಸೈಟಲ್ಲಿ ಮೂರು ಅಳತೆ: ನೀರು, ಪ್ರೆಶರ್ರು, ಕಿಲೋವ್ಯಾಟು. ನೀರಿಗೆ ಪೈಪ್ ಮೇಲೆ ಕಟ್ಟೋ ಅಲ್ಟ್ರಾಸಾನಿಕ್ ಮೀಟರ್, ಪೈಪ್ ಕುಯ್ಯೋ ಹಂಗಿಲ್ಲ, ಬಣ್ಣ ಕೆರೆದು ಜೆಲ್ ಹಚ್ಚಿ ಸೆನ್ಸರ್ ಕೂರಿಸ್ಬೇಕು. ಪುಸ್ತಕದಲ್ಲಿ ಮೀಟರ್‌ಗೆ ಹಿಂದೆ ಪೈಪ್ ವ್ಯಾಸದ 10 ಪಟ್ಟು, ಮುಂದೆ 5 ಪಟ್ಟು ನೇರ ಪೈಪ್ ಇರ್ಬೇಕು ಅಂತಾರೆ, ನಮ್ ಪಂಪ್ ಹೌಸ್‌ಗಳಲ್ಲಿ ಒಂದು ಮೊಳ ನೇರ ಪೈಪ್ ಸಿಕ್ಕಿದ್ರೆ ಪುಣ್ಯ, ಬೆಂಡು ವಾಲ್ವು ಟೀ ಎಲ್ಲ ಒಂದಕ್ಕೊಂದು ಅಂಟ್ಕೊಂಡಿರ್ತವೆ, ಅದಕ್ಕೆ ಹೊರಗೆ ಹೊಂಗೆ ಮರದ ಕೆಳಗೆ ಪೈಪ್ ನೆಲಕ್ಕಿಳಿಯೋ ಜಾಗ ಹುಡುಕ್ತೀವಿ. ಹಳೇ ಬೀಡು ಕಬ್ಬಿಣದ ಪೈಪಲ್ಲಿ ಒಳಗೆ ತುಕ್ಕು ಗಟ್ಟಿ ಕಟ್ಟಿದ್ರೆ ಸಿಗ್ನಲ್ಲೇ ಬರಲ್ಲ, ಆಗ ಟ್ಯಾಂಕ್ ತುಂಬೋ ಟೈಮ್ ನೋಡಿ ಲೆಕ್ಕ ಹಾಕೋದೇ. ಪ್ಯಾನಲ್ಲಲ್ಲಿ ಕರೆಂಟ್ ಅಳೆಯೋ ಕ್ಲಾಂಪ್ ಹಾಕೋದು ಮಾತ್ರ ಸೀನಿಯರ್ ಎಲೆಕ್ಟ್ರಿಷಿಯನ್ ಪಕ್ಕ ನಿಂತಿದ್ರೇನೇ, ಅದ್ರಲ್ಲಿ ಹೀರೋ ಆಗೋಕೆ ಹೋಗ್ಬೇಡಿ.

ಲೆಕ್ಕ ಸಿಂಪಲ್ಲು. ಗಂಟೆಗೆ 100 ಘನ ಮೀಟರ್ ನೀರು, 60 ಮೀಟರ್ ಹೆಡ್ಡು ಅನ್ಕೊಳ್ಳಿ, ನೀರಿಗೆ ಸೇರ್ಬೇಕಾದ ಪವರ್ 16.35 ಕಿಲೋವ್ಯಾಟ್. ಮೀಟರಲ್ಲಿ 30 ತೋರಿಸ್ತಿದ್ರೆ ಅರ್ಧದ ಹತ್ರ ಶಾಖ, ಸದ್ದು, ಸವೆತದಲ್ಲೇ ಹೋಯ್ತು. ಒಳ್ಳೇ ಪಂಪು ಒಳ್ಳೇ ಮೋಟ್ರು ಇದ್ರೆ 24ರೊಳಗೆ ಆಗೋ ಕೆಲ್ಸ ಅದು, ದಿನಕ್ಕೆ 18 ಗಂಟೆ ಓಡಿದ್ರೆ ನೂರು ಯೂನಿಟ್ ಮೇಲೇನೇ ದಂಡ.

ಈ ಕೆಲ್ಸದಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಅರ್ಧ ಮುಚ್ಚಿದ ವಾಲ್ವಿನ ಕಥೆ. ಹೋದ್ ಕಡೆಯೆಲ್ಲ ಇದೇ. ಪಂಪ್ ಓಡ್ತಿರುತ್ತೆ, ಡೆಲಿವರಿ ವಾಲ್ವ್ (ಪಂಪಿಂದ ನೀರು ಹೊರಗೆ ಹೋಗೋ ಕಡೆಯದು) ಮಾತ್ರ ಅರ್ಧ ಮುಚ್ಚಿರ್ತಾರೆ. ವಾಲ್ವಿಗೆ ಮುಂಚೆ ಗೇಜ್ ಹಾಕಿದ್ರೆ 8 ಕೆಜಿ ಪ್ರೆಶರ್, ಆಚೆ ಹಾಕಿದ್ರೆ 5.5, ಒಂದು ಕೆಜಿಗೆ ಸುಮಾರು 10 ಮೀಟರ್ ಲೆಕ್ಕ, ಅಂದ್ರೆ 25 ಮೀಟರ್ ಹೆಡ್ಡು ಆ ವಾಲ್ವಲ್ಲೇ ಉರಿದು ಹೋಗ್ತಿದೆ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬೈಕ್ ಓಡಿಸಿದಂಗೆ. ಯಾಕಣ್ಣ ಪೂರ್ತಿ ಬಿಡಲ್ವಾ ಅಂದ್ರೆ ಆಪರೇಟ್ರು "ಬುಟ್ರೆ ಮೋಟ್ರು ಟ್ರಿಪ್ ಆಯ್ತದೆ ಸಾ" ಅಂತಾರೆ, ಮತ್ತೆ ಅವ್ರು ಹೇಳೋದು ಸರಿ! ಸೆಂಟ್ರಿಫ್ಯೂಗಲ್ ಪಂಪಿಗೆ ಎದುರು ಪ್ರೆಶರ್ ಕಮ್ಮಿ ಆದ್ರೆ ನೀರು ಜಾಸ್ತಿ ಎತ್ತುತ್ತೆ, ನೀರು ಜಾಸ್ತಿ ಆದ್ರೆ ಆಂಪ್ಸ್ ಏರುತ್ತೆ, ಓವರ್‌ಲೋಡ್ ರಿಲೇ ಬೀಳುತ್ತೆ. ತಪ್ಪು ಡಿಸೈನಲ್ಲಿ. ಇರ್ಲಿ ಸೇಫ್ಟಿಗೆ ಅಂತ ಒಬ್ರು 10 ಮೀಟರ್ ಸೇರಿಸಿರ್ತಾರೆ, ಅವ್ರ ಮೇಲಿನೋರು ಇನ್ನೊಂದ್ 10 ಸೇರಿಸಿರ್ತಾರೆ, ಕೊನೆಗೆ ಬೇಡದ ದೊಡ್ಡ ಪಂಪ್ ಬಂದು ಕೂತಿರುತ್ತೆ. ಇಂಥ ಕಡೆ ಇಂಪೆಲ್ಲರ್ (ಪಂಪೊಳಗೆ ತಿರುಗಿ ನೀರು ತಳ್ಳೋ ಚಕ್ರ) ಸುತ್ತ ಸ್ವಲ್ಪ ಟ್ರಿಮ್ ಮಾಡಿಸಿದ್ರೆ ಸಾಕು, ಲೇತಲ್ಲಿ ಆಗೋ ಕೆಲ್ಸ, ಪಂಪ್ ಕಂಪನಿ ಕೊಡೋ ಕರ್ವ್ (ಎಷ್ಟು ಹೆಡ್ಡಿಗೆ ಎಷ್ಟು ನೀರು ಅನ್ನೋ ಗ್ರಾಫು) ನೋಡ್ಕೊಂಡು ಮಾಡಿಸ್ಬೇಕು ಅಷ್ಟೆ.

ಆದ್ರೆ ಮೀಟಿಂಗಲ್ಲಿ ಎಲ್ರಿಗೂ ವಿಎಫ್‌ಡಿನೇ (ಮೋಟ್ರಿನ ಸ್ಪೀಡ್ ಏರಿಸಿ ಇಳಿಸೋ ಡ್ರೈವು) ಬೇಕು. ನಂಗೆ ಇದು ಫ್ಯಾಷನ್ ಅನ್ಸುತ್ತೆ. ಟ್ಯಾಂಕು ಗುಡ್ಡದ ಮೇಲಿದ್ದು 60 ಮೀಟರ್ ಹೆಡ್ಡಲ್ಲಿ 50 ಮೀಟರ್ ಬರೀ ಎತ್ತರಕ್ಕೇ ಬೇಕು ಅಂದ್ರೆ ಸ್ಪೀಡ್ ಇಳಿಸಿ ಉಳಿಸೋದು ಏನಿದೆ? ಸ್ಪೀಡ್ 10 ಪರ್ಸೆಂಟ್ ಇಳಿದ್ರೆ ಪಂಪಿನ ಹೆಡ್ಡು 19 ಪರ್ಸೆಂಟ್ ಇಳಿಯುತ್ತೆ, ನೀರು ತೀರಾ ಕಮ್ಮಿ ಆಗುತ್ತೆ, ಕರ್ವ್ ಫ್ಲಾಟ್ ಇದ್ರೆ ಟ್ಯಾಂಕೇ ಮುಟ್ಟಲ್ಲ. ಸೀದಾ ಪೈಪ್‌ಲೈನಿಗೆ ನೀರು ಕೊಡೋ ಕಡೆ, ಹಗಲು ರಾತ್ರಿ ಬೇಡಿಕೆ ಬದಲಾಗೋ ಕಡೆ ವಿಎಫ್‌ಡಿ ಚಿನ್ನ, ಎಲ್ಲಾ ಕಡೆಗೂ ಅಲ್ಲ.

ಹಳ್ಳಿ ಬೋರುಗಳ ಸಮಸ್ಯೆ ಬೇರೆ. 415 ವೋಲ್ಟ್ ಬರ್ಬೇಕಾದ ಕಡೆ ಬೇಸಿಗೆಲಿ ಅಕ್ಕಪಕ್ಕದ ಕಬ್ಬಿನ ಗದ್ದೆ ಮೋಟ್ರುಗಳೆಲ್ಲ ಒಟ್ಟಿಗೆ ಆನ್ ಆದ್ರೆ ವೋಲ್ಟೇಜ್ ಕುಸಿಯುತ್ತೆ, ಆಂಪ್ಸ್ ಏರಿ ವೈಂಡಿಂಗ್ ಸುಟ್ಟೋಗುತ್ತೆ. 10 ಎಚ್‌ಪಿವರೆಗೂ ರೈತರಿಗೆ ಕರೆಂಟ್ ಫ್ರೀ, ಹಂಗಾಗಿ ಅವ್ರ ಮೋಟ್ರ್ ಎಫಿಶಿಯೆನ್ಸಿ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಪೆಟ್ಟು ಬೀಳೋದು ಅದೇ ಟ್ರಾನ್ಸ್‌ಫಾರ್ಮರಲ್ಲಿರೋ ಪಂಚಾಯ್ತಿ ಬೋರಿಗೆ. ಜಲ ಜೀವನ್ ಮಿಷನಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಅಂತಿದೆ, ಮೋಟ್ರು ಸುಟ್ಟು ರಿಪೇರಿಗೆ ಹೋದ ವಾರ ಅದು ಬರೀ ಕಾಗದದ ಮೇಲೆ. ಹೋದಾಗ ನಲ್ಲಿ ನೀರಲ್ಲಿ ಕ್ಲೋರಿನ್ನೂ ನೋಡ್ಕೊಂಡು ಬರ್ತೀನಿ, ಕೊನೇ ಮನೆಲಿ ಲೀಟರಿಗೆ 0.2 ಮಿಲಿಗ್ರಾಂ ಆದ್ರೂ ಇರ್ಬೇಕು.

ಮಧ್ಯಾಹ್ನದ ಮೇಲೆ ಆಫೀಸು, ಎಕ್ಸೆಲ್ಲು, ಸೆಸ್ಕ್ (ನಮ್ ಕಡೆ ಕರೆಂಟ್ ಕಂಪನಿ) ಬಿಲ್ಲು. ಇಲ್ಲಿ ಬಿಸಿಲಿಲ್ಲ, ಆದ್ರೆ ಸುಲಭಕ್ಕೆ ದುಡ್ಡು ಉಳಿಸೋಕಾಗೋದು ಇಲ್ಲೇ: ಕೆಪಾಸಿಟರ್ ಬ್ಯಾಂಕ್ ಕೆಟ್ಟು ಕೂತು ಪವರ್ ಫ್ಯಾಕ್ಟರ್ (ಎಳ್ಕೊಂಡ ಕರೆಂಟಲ್ಲಿ ನಿಜವಾಗಿ ಕೆಲ್ಸಕ್ಕೆ ಬರೋ ಪಾಲು) 0.90ರ ಕೆಳಗೆ ಬಂದು ಎಚ್‌ಟಿ (ಹೈ ಟೆನ್ಶನ್) ಬಿಲ್ಲಲ್ಲಿ ದಂಡ ಬೀಳ್ತಿರುತ್ತೆ, ಹಳೇ ದೊಡ್ಡ ಮೋಟ್ರು ತೆಗೆದ ಮೇಲೂ ಕಾಂಟ್ರಾಕ್ಟ್ ಡಿಮ್ಯಾಂಡ್ (ಇಷ್ಟು ಲೋಡ್ ಬೇಕು ಅಂತ ಬರೆಸ್ಕೊಂಡಿದ್ದು) ಇಳಿಸಿರಲ್ಲ. ಬಿಲ್ ಕಟ್ಟೋರು ಒಬ್ರು, ಪಂಪ್ ಓಡಿಸೋರು ಒಬ್ರು, ಒಬ್ರ ಮುಖ ಒಬ್ರು ನೋಡಿರಲ್ಲ.

ಇದಕ್ಕೆ ಬರೋರು ಸಿವಿಲ್ ಆದ್ರೆ ಮೋಟರ್ ನೇಮ್‌ಪ್ಲೇಟ್ ಓದೋದು ಕಲೀರಿ, ಎಲೆಕ್ಟ್ರಿಕಲ್ ಆದ್ರೆ ಪಂಪ್ ಕರ್ವ್. ಸಂಬಳ ಸಾಫ್ಟ್‌ವೇರಷ್ಟು ಬರಲ್ಲ, ಬೈಕಿನ ಪೆಟ್ರೋಲ್ ಕೊಡ್ತಾರಾ ಅಂತ ಸೇರೋಕ್ ಮುಂಚೆನೇ ಕೇಳ್ಕೊಳ್ಳಿ. ಬ್ಯಾಗಲ್ಲಿ ಸ್ವಂತದ್ದೊಂದು ಪ್ರೆಶರ್ ಗೇಜ್ ಇಟ್ಕೊಳ್ಳಿ, ಪಂಪ್ ಹೌಸ್ ಗೋಡೆ ಮೇಲಿರೋ ಗೇಜಿನ ಮುಳ್ಳು ಪಂಪ್ ಆಫ್ ಇದ್ರೂ 4 ಕೆಜಿ ತೋರಿಸ್ತಿರುತ್ತೆ.