ಹೆಲಿಕಾಪ್ಟರ್ ರೋಟರ್ ನೋಡಿ ಹಳೇ ಟೆಕ್ನಾಲಜಿನಾ ಹೊಸದಾ ಅಂತ ಗುರುತು ಹಿಡಿಯೋದು ಹೆಂಗೆ?

ಎಲೆಕ್ಷನ್ ಬಂತಂದ್ರೆ ಬಳ್ಳಾರಿ, ಸಿರುಗುಪ್ಪ, ಸಂಡೂರು ಕಡೆ ಗ್ರೌಂಡಲ್ಲಿ ಸುಣ್ಣದಿಂದ ಎಚ್ ಬರೆದು ಹೆಲಿಪ್ಯಾಡ್ ಮಾಡ್ತಾರೆ, ಜನ ಲೀಡರ್ ನೋಡೋಕೆ ನುಗ್ತಾರೆ. ಈ ಸಲ ಮಕ್ಕಳನ್ನ ಕರ್ಕೊಂಡು ಹೋಗಿ ರೋಟರ್, ಅಂದ್ರೆ ತಲೆ ಮೇಲೆ ತಿರುಗೋ ಬ್ಲೇಡ್‌ಗಳ ಚಕ್ರ, ತೋರಿಸ್ರಿ, ನೋಡೋವಂಥದ್ದು ಅಲ್ಲೇ ಐತೆ.

ಮೊದ್ಲು, ಬ್ಯಾರಿಕೇಡ್ ಹೊರಗೇ ನಿಲ್ರಿ. ನೀರು ಹೊಡೆದಿದ್ರೂ ನಮ್ ಕಡೆ ಧೂಳು ಏಳ್ತದೆ, ಕಣ್ಣು ಮುಚ್ಕೊಳ್ರಿ. ಸ್ಪೀಡ್ ಇಳಿದಂಗೆ ಬ್ಲೇಡ್ ಕೆಳಗೆ ಜೋತು ಬೀಳ್ತಾವೆ, ಪೂರ್ತಿ ನಿಲ್ಲೋ ತನಕ ಯಾರೂ ಹತ್ರ ಹೋಗಬಾರ್ದು.

ನಿಂತ ಮೇಲೆ ಬ್ಲೇಡ್ ಎಣಿಸ್ರಿ. ಎರಡೇ ಇದ್ರೆ ಬೆಲ್ 206 ಥರದ ಹಳೇ ಟೆಕ್ನಾಲಜಿ, ಸೀಸಾ ಹಲಗೆ ಹಂಗೆ ಒಂದು ಕಡೆ ಏರಿದ್ರೆ ಇನ್ನೊಂದು ಕಡೆ ಇಳೀತದೆ. ಆದ್ರೆ ಎಣಿಕೆ ಒಂದನ್ನೇ ನಂಬಬೇಡ್ರಿ, ರಷ್ಯಾದ ಹಳೇ ಎಂಐ-8 ಹೆಲಿಕಾಪ್ಟರಿಗೂ ಐದು ಬ್ಲೇಡ್ ಇದ್ವು.

ಆಮೇಲೆ ಬ್ಲೇಡೆಲ್ಲಾ ಸೇರೋ ನಡುವಿನ ಹಬ್ ನೋಡ್ರಿ, ಅಸಲಿ ಕಥೆ ಇಲ್ಲೇ ಇರೋದು. ಹೆಲಿಕಾಪ್ಟರ್ ಮುಂದಕ್ಕೆ ಹೋಗುವಾಗ ಮುಂದೆ ಬರೋ ಬ್ಲೇಡಿಗೆ ಗಾಳಿ ಜೋರಾಗಿ ಸಿಗ್ತದೆ, ಹಿಂದೆ ಹೋಗೋದಕ್ಕೆ ಕಮ್ಮಿ, ಹಂಗೇ ಬಿಟ್ರೆ ಒಂದು ಮಗ್ಗುಲಿಗೆ ಮಗುಚಿಬಿಡ್ತದೆ. ಸ್ಪೇನ್‌ನ ಹುವಾನ್ ದೆ ಲಾ ಸಿಯೆರ್ವಾ ತನ್ನ ಆಟೋಜೈರೋದಲ್ಲಿ (ಗಾಳಿಗೇ ರೋಟರ್ ತಿರುಗೋ, ಹೆಲಿಕಾಪ್ಟರ್ ಥರದ ವಿಮಾನ) ಬ್ಲೇಡ್ ಬುಡಕ್ಕೆ ಕೀಲು ಹಾಕಿ, ಅದು ಮೇಲೆ ಕೆಳಗೆ ಆಡೋ ಹಂಗೆ ಮಾಡಿ 1923ರಲ್ಲಿ ಹಾರಿಸಿದ. ನಮ್ ಚೇತಕ್ ಹೆಲಿಕಾಪ್ಟರಿನ ಮೂರು ಬ್ಲೇಡಿಗೂ ಅಂಥದ್ದೇ ಕೀಲು. ಕೀಲು ಅಂದ್ಮೇಲೆ ಸವೆತ, ಮೇಂಟೆನೆನ್ಸ್ ಇದ್ದದ್ದೇ. ಫೈಬರ್ ಬ್ಲೇಡ್ ಬಂದ್ಮೇಲೆ ಆಟ ಬದಲಾಯ್ತು: 1967ರಲ್ಲಿ ಹಾರಿದ ಜರ್ಮನಿಯ ಬಿಒ-105 ಹೆಲಿಕಾಪ್ಟರಿನಲ್ಲಿ ಆ ಕೀಲೇ ಇಲ್ಲ, ಬ್ಲೇಡೇ ಬಳುಕ್ತದೆ. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ, 1992ರಲ್ಲಿ ಮೊದಲು ಹಾರಿದ್ದು, ಇದೇ ಜಾತಿ, ನಾಲ್ಕು ಬ್ಲೇಡ್. ನನಗಂತೂ ಇದು ಭಾಳ ಹೆಮ್ಮೆ.

ಈಗ ಬ್ಲೇಡ್ ತುದಿ. ಅದು ಗಂಟೆಗೆ 700 ಕಿ.ಮೀ. ಮೀರಿ ಓಡ್ತದೆ, ಅದಕ್ಕೆ ಹೊಸವುಗಳಲ್ಲಿ ತುದಿನ ಹಿಂದಕ್ಕೆ ಬಾಗಿಸ್ತಾರೆ, ಏರ್‌ಬಸ್ ಎಚ್160ರಲ್ಲಿ ಬ್ಲೇಡ್ ಮೊದಲು ಮುಂದಕ್ಕೆ ಬಾಗಿ ಆಮೇಲೆ ಹಿಂದಕ್ಕೆ ತಿರುಗ್ತದೆ, ಸದ್ದು ಕಮ್ಮಿಯಾಗ್ಲಿ ಅಂತ. ತುದಿ ಬದಲಾಯಿಸಿದ ಬ್ಲೇಡ್ ಹಾಕ್ಕೊಂಡೇ ಬ್ರಿಟನ್ನಿನ ಲಿಂಕ್ಸ್ ಹೆಲಿಕಾಪ್ಟರ್ 1986ರಲ್ಲಿ ಗಂಟೆಗೆ 400 ಕಿ.ಮೀ. ದಾಟಿದ್ದು.

ಕೊನೆಗೆ ಬ್ಲೇಡಿನ ಮುಂದಿನ ಅಂಚು ನೋಡ್ರಿ, ಉದ್ದಕ್ಕೂ ಲೋಹದ ಪಟ್ಟಿ ಕಾಣ್ತದೆ. ಧೂಳು, ಮರಳು ಉಜ್ಜಿ ಉಜ್ಜಿ ಪಟ್ಟಿ ಮೇಲಿನ ಬಣ್ಣ ಹೋಗಿ ಬಿಳಿ ಹೊಳಪು ಬಂದಿರ್ತದೆ. ಇಂಜಿನಿಯರ್ ಪಕ್ಕದಲ್ಲಿದ್ರೆ ಕೇಳ್ರಿ, ಪಟ್ಟಿ ಸವೆದ್ರೆ ಏನ್ ಮಾಡ್ತೀರಿ ಸಾರ್ ಅಂತ.