ಲೇಸಿಕ್ ಮಾಡಿಸೋ ಮುಂಚೆ ನಿಮ್ಮ ಕಣ್ಣಿಗೆ ಅದು ಆಗತ್ತಾ ನೋಡ್ಕೊಳ್ಳಿ

ಲೇಸಿಕ್ ಅಂದ್ರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದ್ರೆ ಕಾರ್ನಿಯಾನ, ಲೇಸರ್‌ನಿಂದ ಸವೆಸಿ ಕನ್ನಡಕದ ಪವರ್ ಸರಿ ಮಾಡೋ ಆಪರೇಷನ್. ಮೊದ್ಲು ಹಳೇ ಕನ್ನಡಕದ ಚೀಟಿಗಳನ್ನ ಹುಡುಕಿ ತೆಗೀರಿ. ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಜಾಸ್ತಿ ಬದಲಾಗಿದ್ರೆ ಈಗ್ಲೇ ಬೇಡ, ಇವತ್ತಿನ ನಂಬರ್‌ಗೆ ಸರಿ ಮಾಡಿಸ್ಕೊಂಡ್ರೂ ಪವರ್ ಏರ್ತಾನೇ ಹೋದ್ರೆ ಮತ್ತೆ ಕನ್ನಡಕ ಬರತ್ತೆ. 18 ತುಂಬದೋರಿಗೆ ಬೇಡ ಅನ್ನೋದೂ ಮುಖ್ಯವಾಗಿ ಇದಕ್ಕೇ. ಬಸುರಿಯರು, ಹಾಲೂಡಿಸೋ ತಾಯಂದಿರು ಕೂಡ ಕಾಯ್ಬೇಕು, ಹಾರ್ಮೋನ್‌ನಿಂದ ಪವರ್ ಆಚೀಚೆ ಆಗ್ತಿರತ್ತೆ.

ಆಮೇಲೆ ಕಾರ್ನಿಯಾ ದಪ್ಪ, ಇದೇ ಮುಖ್ಯ. ಸಾಮಾನ್ಯವಾಗಿ ಸುಮಾರು 540 ಮೈಕ್ರಾನ್ (ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ) ಇರತ್ತೆ. ನಿಮ್ದು 500 ಅಂದ್ಕೊಳ್ಳಿ, ಪವರ್ ಮೈನಸ್ 8. ಮೇಲಿನ ಪದರ ಎತ್ತೋಕೆ 110 ಹೋಯ್ತು, ಒಂದೊಂದು ಪವರ್‌ಗೆ ಹತ್ರಹತ್ರ 15ರ ಲೆಕ್ಕದಲ್ಲಿ ಲೇಸರ್ 120 ಸವೆಸತ್ತೆ, ಉಳಿಯೋದು 270. 250ಕ್ಕಿಂತ ಕೆಳಗೆ ಇಳೀಲೇಬಾರದು ಅಂತಾರೆ, 300 ಉಳೀಲೇಬೇಕು ಅನ್ನೋ ಡಾಕ್ಟರೂ ಇದಾರೆ. ಜಾಸ್ತಿ ತೆಳ್ಳಗಾದ್ರೆ ಕಣ್ಣೊಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದಕ್ಕೆ ಉಬ್ಬತ್ತೆ, ಕನ್ನಡಕ ಹಾಕಿದ್ರೂ ಸರಿಯಾಗಿ ಕಾಣದೇ ಇರೋ ಹಾಗಾಗ್ಬಹುದು.

ಕೆರಾಟೋಕೋನಸ್ ಇರೋರಿಗಂತೂ ಲೇಸಿಕ್ ಬೇಡವೇ ಬೇಡ, ಅವರ ಕಾರ್ನಿಯಾ ಮೊದ್ಲೇ ತೆಳ್ಳಗಾಗಿ ಕೋನ್ ಥರ ಉಬ್ತಿರತ್ತೆ. ಶುರುವಲ್ಲಿ ಗೊತ್ತೇ ಆಗಲ್ಲ, ಕಾರ್ನಿಯಾದ ಆಕಾರ ತೋರಿಸೋ ಟೋಪೋಗ್ರಫಿ ಸ್ಕ್ಯಾನ್‌ನಲ್ಲೇ ಸಿಗೋದು. ಸಿಲಿಂಡರ್ ಪವರ್ ಏರ್ತಾ ಇದ್ರೆ, ಕಣ್ಣು ಉಜ್ಜೋ ಅಭ್ಯಾಸ ಇದ್ರೆ, ಮನೇಲಿ ಯಾರಿಗಾದ್ರೂ ಕೆರಾಟೋಕೋನಸ್ ಇದ್ರೆ, ದಯವಿಟ್ಟು ನೀವೇ ಬಾಯ್ಬಿಟ್ಟು ಹೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಸ್ಕ್ಯಾನ್‌ಗೆ ಮುಂಚೆ ಅದನ್ನ ಬಿಟ್ಟಿರ್ಬೇಕು, ಸಾಫ್ಟ್ ಆದ್ರೆ ಒಂದೆರಡು ವಾರ, ಗಟ್ಟಿ ಲೆನ್ಸ್ ಆದ್ರೆ ಇನ್ನೂ ಜಾಸ್ತಿ, ಇಲ್ದಿದ್ರೆ ಲೆನ್ಸ್ ಒತ್ತಿದ ಆಕಾರಾನೇ ರಿಪೋರ್ಟಲ್ಲಿ ಬರತ್ತೆ.

ಕಣ್ಣು ಒಣಗಿ ಉರಿಯೋದು, ಬೆಳಗ್ಗೆ ಎದ್ದಾಗ ಮರಳು ಬಿದ್ದ ಹಾಗೆ ಚುಚ್ಚೋದು ಇದ್ರೆ ಮೊದ್ಲು ಅದಕ್ಕೆ ಟ್ರೀಟ್‌ಮೆಂಟ್ ತಗೊಳ್ಳಿ. ಲೇಸಿಕ್‌ನಲ್ಲಿ ಕಾರ್ನಿಯಾದ ನರಗಳು ಕಟ್ ಆಗೋದ್ರಿಂದ ಒಣಗೋದು ಇನ್ನೂ ಹೆಚ್ಚಾಗತ್ತೆ. ರುಮಟಾಯ್ಡ್ ಆರ್ಥ್ರೈಟಿಸ್, ಲೂಪಸ್, ಹಿಡಿತಕ್ಕೆ ಬರದ ಶುಗರ್, ಕಣ್ಣಿಗೆ ಹಿಂದೆ ಹರ್ಪಿಸ್ ಆಗಿದ್ದು, ಗ್ಲಾಕೋಮಾ, ಪೊರೆ, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ, ಯಾವುದನ್ನೂ ಮುಚ್ಚಿಡ್ಬೇಡಿ. ಬಾಕ್ಸಿಂಗ್, ಕುಸ್ತಿ ಆಡೋರೂ ಹೇಳ್ಬೇಕು, ಏಟು ಬಿದ್ರೆ ಲೇಸಿಕ್‌ನಲ್ಲಿ ಎತ್ತಿಟ್ಟ ಮೇಲಿನ ಪದರ ಜರುಗಬಹುದು. ನಲವತ್ತು ದಾಟಿದೋರಿಗೆ ದೂರದ್ದು ಸರಿಹೋದ್ರೂ ಓದೋಕೆ ಚಾಳೀಸು ಕನ್ನಡಕ ಬೇಕಾಗ್ಬಹುದು.

ಲೇಸಿಕ್ ಆಗಲ್ಲ ಅಂದ್ರೆ ಬೇಜಾರಾಗ್ಬೇಡಿ, ಪದರ ಎತ್ತದೇ ಲೇಸರ್ ಮಾಡೋ ಪಿಆರ್‌ಕೆ ಆಗತ್ತಾ, ಕಣ್ಣೊಳಗೆ ಇಡೋ ಐಸಿಎಲ್ ಲೆನ್ಸ್ ಆಗತ್ತಾ ಅಂತ ಕೇಳಿ, ಪವರ್ ತುಂಬಾ ಜಾಸ್ತಿ ಇರೋ ಎಷ್ಟೋ ಜನಕ್ಕೆ ಐಸಿಎಲ್ಲೇ ಹೊಂದತ್ತೆ.